ಒಂದು ಸೂಲಿಗೆ 25 ಮರಿ: ಪೆಟ್ಟಿಗೆಯೊಳಗೆ ಹುಟ್ಟಿದ ಬೋವಾ ಹಾವಿನ ಕಥೆ

ಕಳೆದ ತಿಂಗಳು ನಮ್ಮ ಓದುಗರೊಬ್ಬರು ವಾಟ್ಸಾಪಿನಲ್ಲಿ ಒಂದು ವಿಡಿಯೊ ಕಳಿಸಿದ್ದರು. ಅಮೆರಿಕದ ಯಾವುದೋ ಮನೆಯ ಕೋಣೆ. ಗೋಡೆಯುದ್ದಕ್ಕೂ ಪ್ಲಾಸ್ಟಿಕ್ ಡ್ರಾಯರುಗಳು, ನಮ್ಮ ಕಡೆ ರೇಷ್ಮೆ ಸಾಕುವ ಮನೆಯಲ್ಲಿ ಸ್ಟ್ಯಾಂಡಿಗೆ ತಟ್ಟೆ ಜೋಡಿಸಿದ ಹಾಗೆ. ಒಬ್ಬ ಬಂದು ಒಂದು ಡ್ರಾಯರ್ ಎಳೆಯುತ್ತಾನೆ. ಒಳಗೆ ಬೆರಳು ದಪ್ಪದ ಹಾವಿನ ಮರಿಗಳು, ಒಂದರ ಮೇಲೊಂದು. ಕೆಲವು ಕಂದು, ಕೆಲವು ಬಿಳಿ-ಹಳದಿ, ಕಣ್ಣು ಕೆಂಪು.

ವಿಡಿಯೊ ಕೆಳಗೆ ಓದುಗರು ಬರೆದದ್ದು ಇಷ್ಟೇ: “ಹಾವನ್ನೂ ಕೋಳಿ ಸಾಕಿದ ಹಾಗೆ ಸಾಕ್ತಾರಾ ಸಾರ್? ಇಷ್ಟೊಂದು ಮರಿ ಏನ್ ಮಾಡ್ತಾರೆ?”

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಹೌದು, ಸಾಕುತ್ತಾರೆ. ಎರಡನೇ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ನಮಗೆ ಐವತ್ತು-ಅರವತ್ತು ವರ್ಷದ ಒಂದು ಇತಿಹಾಸವೇ ಸಿಕ್ಕಿತು. ಅದು ಅಮೆರಿಕದಲ್ಲಿ ಶುರುವಾಗಿ ನಮ್ಮ ಬೆಂಗಳೂರಿನ ವಿಮಾನ ನಿಲ್ದಾಣದವರೆಗೂ ಬರುತ್ತದೆ. ಅದನ್ನೇ ಇಲ್ಲಿ ಹೇಳುತ್ತಿದ್ದೇವೆ.

ಇದು ಯಾವ ಹಾವು?

ವಿಡಿಯೊದಲ್ಲಿದ್ದದ್ದು ಬೋವಾ ಕನ್‌ಸ್ಟ್ರಿಕ್ಟರ್. ಅದರ ಊರು ಮೆಕ್ಸಿಕೊದಿಂದ ಅರ್ಜೆಂಟೀನಾವರೆಗಿನ ಅಮೆರಿಕ ಖಂಡ. 1758ರಲ್ಲಿ ಸ್ವೀಡನ್ನಿನ ಲಿನೇಯಸ್ ಈ ಹೆಸರಿಟ್ಟ. ವಿಜ್ಞಾನಿಗಳು ಕರೆಯುವ ಹೆಸರನ್ನೇ ಜನಸಾಮಾನ್ಯರೂ ಕರೆಯುವ ಪ್ರಾಣಿಗಳು ತೀರಾ ಕಡಿಮೆ. ಅವುಗಳಲ್ಲಿ ಇದೊಂದು. ಇತ್ತೀಚೆಗೆ ವಿಜ್ಞಾನಿಗಳು ಇದನ್ನು ಬೇರೆ ಬೇರೆ ಜಾತಿಗಳಾಗಿ ವಿಂಗಡಿಸಿದ್ದಾರೆ. ಮನೆಗಳಲ್ಲಿ ಹೆಚ್ಚಾಗಿ ಸಾಕುವುದು ಮಧ್ಯ ಅಮೆರಿಕ ಮತ್ತು ಕೊಲಂಬಿಯಾ ಕಡೆಯ ಬೋವಾವನ್ನು.

ಇದಕ್ಕೆ ವಿಷವಿಲ್ಲ. ನಮ್ಮ ಹೆಬ್ಬಾವಿನ ಹಾಗೆ ಸುತ್ತಿ ಹಿಸುಕಿ ಕೊಲ್ಲುತ್ತದೆ. ಸಾಮಾನ್ಯವಾಗಿ ಎರಡರಿಂದ ಮೂರು ಮೀಟರ್ ಬೆಳೆಯುತ್ತದೆ.

ಹೆಬ್ಬಾವಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಒಂದಿದೆ. ಹೆಬ್ಬಾವು ಮೊಟ್ಟೆ ಇಟ್ಟು ಸುತ್ತಿಕೊಂಡು ಕಾವು ಕೊಡುತ್ತದೆ. ಬೋವಾ ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ನಮ್ಮ ಹೊಲದ ಮಣ್ಣುಮುಕ್ಕ ಹಾವು, ಅಂದರೆ ಜನ ‘ಎರಡು ತಲೆ ಹಾವು’ ಅನ್ನುವುದು, ಇದರ ದೂರದ ನೆಂಟ. ಅದೂ ಮರಿಯನ್ನೇ ಹಾಕುತ್ತದೆ.

ಬೋವಾ ಒಂದು ಸೂಲಿಗೆ ಹತ್ತರಿಂದ ಅರವತ್ತರವರೆಗೆ ಮರಿ ಹಾಕಬಲ್ಲದು. ಸರಾಸರಿ ಸುಮಾರು 25. ಒಂದೊಂದು ಮರಿಯೂ ಒಂದೂವರೆ ಅಡಿ ಉದ್ದ. ಹುಟ್ಟಿದ ಕ್ಷಣದಿಂದ ತಾಯಿಯ ಹಂಗಿಲ್ಲ. ಮೊದಲ ಪೊರೆ ಬಿಟ್ಟ ಮೇಲೆ ಇಲಿಮರಿ ಕೊಟ್ಟರೆ ಹಿಡಿದು ತಿನ್ನುತ್ತದೆ.

ಈ 25 ಎಂಬ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ. ಇನ್ನೊಂದು ಸಂಖ್ಯೆಯನ್ನೂ ಜೊತೆಗಿಟ್ಟುಕೊಳ್ಳಿ. ಅಮೆರಿಕದ ಫಿಲಡೆಲ್ಫಿಯಾ ಮೃಗಾಲಯದಲ್ಲಿ ಪಾಪೈ ಎಂಬ ಹೆಸರಿನ ಬೋವಾ ಇತ್ತು. ಅದು 1977ರಲ್ಲಿ ಸತ್ತಾಗ ಅದರ ವಯಸ್ಸು 40 ದಾಟಿತ್ತು. ಎಲ್ಲವೂ ಅಷ್ಟು ಬದುಕುವುದಿಲ್ಲ. ಆದರೆ ಚೆನ್ನಾಗಿ ನೋಡಿಕೊಂಡರೆ 20ರಿಂದ 30 ವರ್ಷ ಬದುಕುವುದು ಮಾಮೂಲು. ಎತ್ತು, ಹಸು, ನಾಯಿ ಎಲ್ಲಕ್ಕಿಂತ ಹೆಚ್ಚು.

ಹಿಡಿದು ತರುತ್ತಿದ್ದ ಕಾಲ

ಮೊದಲು ಬೋವಾವನ್ನು ಯಾರೂ ಮರಿ ಮಾಡಿಸುತ್ತಿರಲಿಲ್ಲ. ಕಾಡಿನಿಂದ ಹಿಡಿದು ತರುತ್ತಿದ್ದರು. ಲಂಡನ್ನಿನ ಮೃಗಾಲಯ 1849ರಲ್ಲಿ ಹಾವು-ಹಲ್ಲಿಗಳಿಗೇ ಒಂದು ಮನೆ ತೆರೆಯಿತು, ಜಗತ್ತಿನಲ್ಲೇ ಮೊದಲ ಸಲ. ಆಮೇಲೆ ಸರ್ಕಸ್ಸಿನವರು, ಜಾತ್ರೆಯಲ್ಲಿ ಪ್ರದರ್ಶನ ಮಾಡುವವರು ಬೋವಾವನ್ನು ಕೊರಳಿಗೆ ಹಾಕಿಕೊಂಡು ಕುಣಿದರು. ಮಧ್ಯ ಅಮೆರಿಕದಿಂದ ಬರುವ ಬಾಳೆಗೊನೆಗಳ ನಡುವೆ ಕೂತು ಹಡಗು ಹತ್ತಿ ಬಂದ ಹಾವುಗಳೂ ಇದ್ದವು. ದಕ್ಷಿಣ ಅಮೆರಿಕದ ಕೆಲವು ಕಡೆ ಜನ ಉಗ್ರಾಣದಲ್ಲಿ ಇಲಿ ಕಾಟಕ್ಕೆಂದು ಬೋವಾವನ್ನು ಹಾಗೇ ಇರಲು ಬಿಡುತ್ತಿದ್ದರು. ನಮ್ಮಲ್ಲಿ ಕೇರೆ ಹಾವನ್ನು ‘ರೈತನ ಗೆಳೆಯ’ ಅನ್ನುವ ಹಾಗೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಪೇಟೆಗಳಲ್ಲಿ ಸಾಕುಪ್ರಾಣಿ ಅಂಗಡಿಗಳು ಹೆಚ್ಚಾದವು. ವಿಮಾನ ಸಾಗಣೆ ಸಲೀಸಾಯಿತು. ಕೊಲಂಬಿಯಾದಂತಹ ದೇಶಗಳಿಂದ ಬೋವಾಗಳು ಚೀಲಗಳಲ್ಲಿ, ಪೆಟ್ಟಿಗೆಗಳಲ್ಲಿ ಬಂದವು. ಬರುವಾಗಲೇ ಮೈಯಲ್ಲಿ ಉಣ್ಣೆ, ಹೊಟ್ಟೆಯಲ್ಲಿ ಹುಳ, ಬಾಯಲ್ಲಿ ಹುಣ್ಣು. ದಾರಿಯಲ್ಲಿ ಸತ್ತವು, ಅಂಗಡಿಯಲ್ಲಿ ಸತ್ತವು, ಕೊಂಡವರ ಮನೆಯಲ್ಲಿ ಏನೂ ತಿನ್ನದೆ ಸತ್ತವು. ಸತ್ತರೆ ಇನ್ನೊಂದು ಕೊಂಡರಾಯಿತು, ಬೆಲೆಯೂ ಹೆಚ್ಚಿರಲಿಲ್ಲ. ಜೀವಂತ ಹಾವಿನ ಜೊತೆಗೆ ಚರ್ಮದ ವ್ಯಾಪಾರವೂ ಇತ್ತು.

ಇದು ಹೀಗೇ ನಡೆದರೆ ಕಾಡಿನಲ್ಲಿ ಏನೂ ಉಳಿಯುವುದಿಲ್ಲ ಎಂದು ಜಗತ್ತಿನ ಸರ್ಕಾರಗಳಿಗೆ ಅರಿವಾದದ್ದು 1970ರ ದಶಕದಲ್ಲಿ. 1973ರಲ್ಲಿ ಸೈಟಿಸ್ ಎಂಬ ಒಪ್ಪಂದವಾಯಿತು. ಅಳಿವಿನಂಚಿನ ಪ್ರಾಣಿ-ಸಸ್ಯಗಳನ್ನು ಒಂದು ದೇಶದಿಂದ ಇನ್ನೊಂದಕ್ಕೆ ಸಾಗಿಸಲು ಪರವಾನಗಿ ಬೇಕು ಎನ್ನುವ ಒಪ್ಪಂದ ಅದು. ಭಾರತವೂ 1976ರಲ್ಲಿ ಸೇರಿತು. 1977ರಲ್ಲಿ ಬೋವಾ ಕುಟುಂಬದ ಹೆಚ್ಚಿನ ಹಾವುಗಳು ಅದರ ಎರಡನೇ ಪಟ್ಟಿಗೆ ಸೇರಿದವು. ವ್ಯಾಪಾರ ನಿಲ್ಲಲಿಲ್ಲ, ಆದರೆ ಕಾಗದ-ಪತ್ರ ಬೇಕಾಯಿತು.

ಆಗ ಹಾವು ಸಾಕುವವರಲ್ಲಿ ಕೆಲವರು ಹೇಳಿದ ಮಾತು ಇದು: “ನಾವೇ ಮನೆಯಲ್ಲಿ ಮರಿ ಮಾಡಿಸಿದರೆ ಕಾಡಿನ ಹಾವು ಕಾಡಿನಲ್ಲೇ ಉಳಿಯುತ್ತದೆ.” ನ್ಯಾಯವಾದ ಮಾತು. ಮುಂದಿನ ಇತಿಹಾಸವೆಲ್ಲ ಈ ಮಾತು ಎಷ್ಟು ನಿಜವಾಯಿತು, ಎಷ್ಟು ಸುಳ್ಳಾಯಿತು ಎನ್ನುವುದರ ಲೆಕ್ಕ.

ಮರಿ ಮಾಡಿಸಲು ಕಲಿತದ್ದು

ಬೋವಾ ಮರಿ ಮಾಡಿಸುವುದು ಮಹಾ ವಿದ್ಯೆಯೇನಲ್ಲ. ಆದರೆ ಕಲಿಯಲು ಸಮಯ ಹಿಡಿಯಿತು. ಹಾವಿನ ಮೈಗೆ ಸ್ವಂತ ಬಿಸಿಯಿಲ್ಲ. ಅದಕ್ಕೆ ಪೆಟ್ಟಿಗೆಯ ಒಂದು ಕಡೆ 31-32 ಡಿಗ್ರಿ ಬಿಸಿ, ಇನ್ನೊಂದು ಕಡೆ ತುಸು ತಂಪು ಬೇಕು. ತನಗೆ ಬೇಕಾದಾಗ ಬೇಕಾದ ಕಡೆ ಹೋಗಿ ಮಲಗುತ್ತದೆ. ವರ್ಷವಿಡೀ ಒಂದೇ ಬಿಸಿ ಕೊಟ್ಟರೆ ಎಷ್ಟೋ ಸಲ ಜೋಡಿಯಾಗುವುದಿಲ್ಲ. ಚಳಿಗಾಲದಲ್ಲಿ ರಾತ್ರಿಯ ಬಿಸಿಯನ್ನು ಕೆಲವು ಡಿಗ್ರಿ ಇಳಿಸಿ, ಹಗಲು ಮತ್ತೆ ಏರಿಸಿದರೆ ಮೈಗೆ ಋತು ಬದಲಾದದ್ದು ತಿಳಿಯುತ್ತದೆ. ಆಗ ಗಂಡನ್ನು ಹೆಣ್ಣಿನ ಪೆಟ್ಟಿಗೆಗೆ ಬಿಡುತ್ತಾರೆ.

ಗಂಡಿನ ಬಾಲದ ಬುಡದಲ್ಲಿ ಎರಡು ಪುಟ್ಟ ಉಗುರುಗಳಿರುತ್ತವೆ. ಕೋಟ್ಯಂತರ ವರ್ಷಗಳ ಹಿಂದೆ ಇದ್ದ ಹಿಂಗಾಲುಗಳ ಉಳಿಕೆ ಅವು. ಅವುಗಳಿಂದ ಹೆಣ್ಣಿನ ಮೈ ಕೆರೆದು ಒಲಿಸಿಕೊಳ್ಳುತ್ತದೆ. ಗರ್ಭ ನಿಂತ ಮೇಲೆ ಹೆಣ್ಣು ಒಮ್ಮೆ ಪೊರೆ ಬಿಡುತ್ತದೆ. ಅನುಭವಸ್ಥರು ಆ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರೆ. ಅಲ್ಲಿಂದ ಸುಮಾರು ನಾಲ್ಕು ತಿಂಗಳಿಗೆ ಮರಿ. ಅಷ್ಟೂ ದಿನ ತಾಯಿ ಬಿಸಿ ಜಾಗದಲ್ಲೇ ಸುರುಳಿ ಸುತ್ತಿರುತ್ತದೆ. ಎಷ್ಟೋ ಹೆಣ್ಣುಗಳು ಆಹಾರ ಮುಟ್ಟುವುದಿಲ್ಲ. ಹಾಗಾಗಿ ಒಳ್ಳೆಯ ತಳಿಗಾರರು ಒಂದು ಸೂಲಾದ ಮೇಲೆ ಒಂದು ವರ್ಷ ಬಿಡುವು ಕೊಡುತ್ತಾರೆ. ಹಸುವಿಗೆ ಬಿಡುವು ಕೊಡದೆ ಗಬ್ಬ ಕಟ್ಟಿಸಿದರೆ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ.

1970-80ರ ದಶಕಗಳಲ್ಲಿ ಮೃಗಾಲಯದವರೂ ಹವ್ಯಾಸಿಗಳೂ ಈ ವಿದ್ಯೆಯನ್ನು ಒಬ್ಬರಿಂದೊಬ್ಬರು ಕಲಿತರು. ಬಿಸಿ ಹತೋಟಿಯಲ್ಲಿಡುವ ಥರ್ಮೊಸ್ಟಾಟ್ ಅಗ್ಗವಾಯಿತು. ಜೀವಂತ ಇಲಿಯ ಬದಲು ಫ್ರೀಜರಿನಲ್ಲಿಟ್ಟ ಇಲಿಯನ್ನು ಬಿಸಿ ಮಾಡಿ ಕೊಡುವುದನ್ನು ಕಲಿತರು. ಗಾಜಿನ ಪೆಟ್ಟಿಗೆ ಹೋಗಿ ಪ್ಲಾಸ್ಟಿಕ್ ಡ್ರಾಯರ್ ಬಂತು. ಒಂದು ಕೋಣೆಯಲ್ಲಿ ಹತ್ತು ಹಾವಿದ್ದ ಕಡೆ ನೂರು ಹಿಡಿಸಿದವು. ವಿಡಿಯೊದಲ್ಲಿ ಓದುಗರು ನೋಡಿದ್ದು ಇದನ್ನೇ.

ಬಣ್ಣ ಬಂತು, ಬೆಲೆ ಬಂತು

ಮರಿ ಮಾಡಿಸುವುದು ಗೊತ್ತಾದ ಮೇಲೆ ಒಂದು ತೊಂದರೆ ಎದುರಾಯಿತು. ಮಾಮೂಲು ಕಂದು ಬೋವಾ ಕೊಲಂಬಿಯಾದಿಂದ ಅಗ್ಗಕ್ಕೆ ಬರುತ್ತಿರುವಾಗ ಮನೆಯಲ್ಲಿ ಹುಟ್ಟಿದ ಮಾಮೂಲು ಬೋವಾವನ್ನು ಯಾರು ಕೊಳ್ಳುತ್ತಾರೆ? ಖರ್ಚೇ ಹುಟ್ಟುವುದಿಲ್ಲ.

ಅದಕ್ಕೆ ಉತ್ತರವಾಗಿ ಬಂದದ್ದು ಬಣ್ಣ. ಸಾವಿರಾರು ಕಾಡು ಹಾವುಗಳಲ್ಲಿ ಎಲ್ಲೋ ಒಂದು ಬಿಳಿಚಿಕೊಂಡು ಹುಟ್ಟುತ್ತದೆ. ಮೈಯಲ್ಲಿ ಕಪ್ಪು ಬಣ್ಣವೇ ಇರುವುದಿಲ್ಲ, ಹಳದಿ-ಕೆಂಪು ಮಾತ್ರ. ಇದನ್ನು ಆಲ್ಬಿನೊ ಅನ್ನುತ್ತಾರೆ. 1990ರ ದಶಕದ ಆರಂಭದಲ್ಲಿ ಪೀಟ್ ಕಾಲ್ ಎಂಬ ಅಮೆರಿಕದ ತಳಿಗಾರ ಆಲ್ಬಿನೊ ಬೋವಾವನ್ನು ಮರಿ ಮಾಡಿಸಿ ತಳಿಯಾಗಿ ನಿಲ್ಲಿಸಿದ. ಮೊದಲ ಮರಿಗಳು ಸಾವಿರಾರು ಡಾಲರಿಗೆ ಹೋದವು.

ಇದರ ಲೆಕ್ಕ ಸ್ವಲ್ಪ ಬಿಡಿಸಿ ಹೇಳುತ್ತೇವೆ, ಏಕೆಂದರೆ ವ್ಯಾಪಾರವೆಲ್ಲ ಇದರ ಮೇಲೇ ನಿಂತಿದೆ. ಆಲ್ಬಿನೊ ಗುಣ ಅಡಗಿ ಕೂರುವ ಗುಣ. ತಾಯಿಯಿಂದಲೂ ಬರಬೇಕು, ತಂದೆಯಿಂದಲೂ ಬರಬೇಕು. ಆಗ ಮಾತ್ರ ಮೈಮೇಲೆ ಕಾಣುತ್ತದೆ. ಬಿಳಿ ಹಾವನ್ನು ಕಂದು ಹಾವಿಗೆ ಜೋಡಿ ಮಾಡಿದರೆ ಮರಿಗಳೆಲ್ಲ ಕಂದು. ಆದರೆ ಎಲ್ಲದರ ಒಳಗೂ ಆ ಗುಣ ಅಡಗಿರುತ್ತದೆ. ಅಂತಹ ಎರಡು ಕಂದು ಮರಿಗಳು ಬೆಳೆದು ಜೋಡಿಯಾದರೆ ನಾಲ್ಕರಲ್ಲಿ ಒಂದರಂತೆ ಬಿಳಿ ಹುಟ್ಟುತ್ತದೆ. ಉಳಿದ ಮೂರು ಕಂದು. ಆ ಮೂರರಲ್ಲಿ ಎರಡಕ್ಕೆ ಗುಣ ಅಡಗಿರುತ್ತದೆ, ಒಂದಕ್ಕೆ ಇರುವುದೇ ಇಲ್ಲ. ಯಾವುದಕ್ಕಿದೆ, ಯಾವುದಕ್ಕಿಲ್ಲ ಎಂದು ಕಣ್ಣಿನಿಂದ ನೋಡಿ ಹೇಳಲು ಆಗುವುದಿಲ್ಲ.

ಗುಣ ಅಡಗಿರುವ ಹಾವಿಗೆ ತಳಿಗಾರರು ‘ಹೆಟ್’ ಅನ್ನುತ್ತಾರೆ. ಅನುಮಾನವಿರುವ ಮೂರು ಮರಿಗಳನ್ನು ‘66 ಪರ್ಸೆಂಟ್ ಹೆಟ್’ ಎಂದು ಬರೆದು ಮಾರುತ್ತಾರೆ. ಕೊಂಡವನು ಮೂರು-ನಾಲ್ಕು ವರ್ಷ ಸಾಕಿ, ಬೆಳೆಸಿ, ಜೋಡಿ ಮಾಡಿಸಿ ನೋಡಿದ ಮೇಲೆಯೇ ಅದೃಷ್ಟ ತಿಳಿಯುವುದು. ಲಾಟರಿಗೆ ಇಲಿ ಹಾಕಿ ಸಾಕಿದಂತೆ.

ಇನ್ನೊಂದು ತಮಾಷೆಯೂ ಇದೆ. ಕಾಲ್ ತಳಿಯಲ್ಲದೆ ಶಾರ್ಪ್ ಎಂಬ ಇನ್ನೊಂದು ಆಲ್ಬಿನೊ ತಳಿಯೂ ಹುಟ್ಟಿಕೊಂಡಿತು. ನೋಡಲು ಎರಡೂ ಬಿಳಿಯೇ. ಆದರೆ ಒಂದಕ್ಕೊಂದು ಜೋಡಿ ಮಾಡಿದರೆ ಮರಿಗಳೆಲ್ಲ ಕಂದು! ಎರಡರಲ್ಲೂ ಬೇರೆ ಬೇರೆ ಕಾರಣಕ್ಕೆ ಬಣ್ಣ ಹೋಗಿರುತ್ತದೆ.

1990ರಲ್ಲಿ ಫ್ಲಾರಿಡಾದ ಒರ್ಲಾಂಡೊದಲ್ಲಿ ಸಾಕಿದ ಸರೀಸೃಪಗಳ ದೊಡ್ಡ ಸಂತೆ ಶುರುವಾಯಿತು. ನಮ್ಮ ದನದ ಜಾತ್ರೆಯ ಹಾಗೆಯೇ. ಸುಳಿ ನೋಡಿ ಎತ್ತು ಕೊಳ್ಳುವವರಂತೆ ಜನ ಮಚ್ಚೆ ನೋಡಿ ಹಾವು ಕೊಂಡರು. ಬಣ್ಣದ ಮೇಲೆ ಬಣ್ಣ ಕೂಡಿಸಿದರು. ಒಂದೊಂದಕ್ಕೂ ಒಂದೊಂದು ಹೆಸರು.

ಆದರೆ 25 ಎಂಬ ಸಂಖ್ಯೆ ಸುಮ್ಮನಿರಲಿಲ್ಲ. ಇಂದು ಸಾವಿರಾರು ಡಾಲರಿನ ಬಣ್ಣ, ಹತ್ತು ವರ್ಷದಲ್ಲಿ ಎಲ್ಲರ ಡ್ರಾಯರಿನಲ್ಲೂ ಇರುತ್ತದೆ. ಬೆಲೆ ಬೀಳುತ್ತದೆ. ಬಿದ್ದಾಗ ಮತ್ತೊಂದು ಹೊಸ ಬಣ್ಣ ಬೇಕು. ಹೊಸ ಬಣ್ಣ ಎಲ್ಲಿಂದ ಬರಬೇಕು? ಹೆಚ್ಚಾಗಿ ಮತ್ತೆ ಕಾಡಿನಿಂದಲೇ.

ಎರಡು ಊರಿನ ಕಥೆ

ಇಲ್ಲಿ ಎರಡು ಘಟನೆ ಹೇಳಬೇಕು.

ಮೊದಲನೆಯದು ಹೊಂಡುರಾಸ್ ದೇಶದ ಕರಾವಳಿಯ ಕಾಯೋಸ್ ಕೊಚಿನೋಸ್ ಎಂಬ ಪುಟ್ಟ ದ್ವೀಪಗಳದ್ದು. ಗರಿಫುನಾ ಎಂಬ ಸಮುದಾಯದ ಮೀನುಗಾರರು ಅಲ್ಲಿ ಇದ್ದಾರೆ. ಆ ದ್ವೀಪದ ಬೋವಾ ಗಾತ್ರದಲ್ಲಿ ಚಿಕ್ಕದು, ಸ್ವಭಾವ ಸಾಧು, ಮೈಬಣ್ಣ ತಿಳಿಗುಲಾಬಿ. ವ್ಯಾಪಾರಿಗಳು ಇದಕ್ಕೆ ಹಾಗ್ ಐಲ್ಯಾಂಡ್ ಬೋವಾ ಎಂದು ಹೆಸರಿಟ್ಟರು. 1970ರ ದಶಕದ ಕೊನೆಯಿಂದ ಅಲ್ಲಿಂದ ಹಾವುಗಳನ್ನು ಚೀಲಗಟ್ಟಲೆ ಹಿಡಿದು ಸಾಗಿಸಿದರು. ಸಣ್ಣ ದ್ವೀಪ, ಎಷ್ಟೆಂದು ಇರುತ್ತವೆ? ಹುಡುಕಿದರೂ ಕಾಣದಷ್ಟು ಕಡಿಮೆಯಾದವು. ಅದೇ ಹೊತ್ತಿಗೆ ಅಮೆರಿಕದ ಡ್ರಾಯರುಗಳಲ್ಲಿ ಅವು ಮರಿ ಹಾಕುತ್ತಿದ್ದವು. “ನೋಡಿ, ನಾವು ಈ ಹಾವನ್ನು ಉಳಿಸಿದೆವು” ಎಂದು ಸಾಕುವವರು ಹೆಮ್ಮೆಪಟ್ಟರು.

1993ರಲ್ಲಿ ಹೊಂಡುರಾಸ್ ಸರ್ಕಾರ ಆ ದ್ವೀಪಗಳಿಗೆ ರಕ್ಷಣೆ ಕೊಟ್ಟಿತು. ಹಿಡಿಯುವುದು ನಿಂತಿತು. ನಿಧಾನವಾಗಿ ಹಾವುಗಳು ಮತ್ತೆ ಹೆಚ್ಚಿದವು. ಗಮನಿಸಿ, ಅವು ಹೆಚ್ಚಿದ್ದು ಅಮೆರಿಕದಿಂದ ಮರಿಗಳು ವಾಪಸ್ ಬಂದದ್ದರಿಂದ ಅಲ್ಲ. ಹಿಡಿಯುವುದು ನಿಂತದ್ದರಿಂದ. ಪೆಟ್ಟಿಗೆಯಲ್ಲಿ ಹುಟ್ಟಿದ ಹಾವನ್ನು ಕಾಡಿಗೆ ಬಿಡುವುದು ಅಂದುಕೊಂಡಷ್ಟು ಸುಲಭವಲ್ಲ. ಅದರ ರಕ್ತದಲ್ಲಿ ಬೇರೆ ಊರಿನ ಹಾವು ಬೆರೆತಿರಬಹುದು, ಮೈಯಲ್ಲಿ ಬೇರೆ ಊರಿನ ರೋಗ ಇರಬಹುದು.

ಎರಡನೆಯದು ಬ್ರೆಜಿಲ್ಲಿನದು. 2006ರಲ್ಲಿ ರಿಯೊ ಡಿ ಜನೈರೊ ರಾಜ್ಯದಲ್ಲಿ ಅಗ್ನಿಶಾಮಕ ದಳದವರಿಗೆ ಒಂದು ಹೆಣ್ಣು ಬೋವಾ ಸಿಕ್ಕಿತು. ಮೈಯೆಲ್ಲ ಹಾಲಿನಂತೆ ಅಚ್ಚ ಬಿಳಿ, ಕಣ್ಣು ಮಾತ್ರ ಕಪ್ಪು. ಆಲ್ಬಿನೊ ಅಲ್ಲ, ಅದಕ್ಕಿಂತಲೂ ಅಪರೂಪ. ಅದನ್ನು ನಿತೆರೊಯ್ ನಗರದ ಮೃಗಾಲಯಕ್ಕೆ ಕೊಟ್ಟರು. ಕೆಲವು ವರ್ಷಗಳಲ್ಲಿ ಆ ಹಾವು ಅಲ್ಲಿಂದ ಮಾಯವಾಗಿ, ಗಡಿ ದಾಟಿ, ಅಮೆರಿಕದ ತಳಿಗಾರನೊಬ್ಬನ ಕೈ ಸೇರಿತು. ಬ್ರೆಜಿಲ್ ಅಧಿಕಾರಿಗಳು ಬೆನ್ನು ಹತ್ತಿದರು. ಕೊನೆಗೆ ಅಮೆರಿಕದ ನ್ಯಾಯಾಲಯದಲ್ಲಿ ಕಳ್ಳಸಾಗಣೆ ಪ್ರಕರಣವಾಯಿತು.

ಮನೆಯಲ್ಲಿ ಮರಿ ಮಾಡಿಸಿದರೆ ಕಾಡಿಗೆ ಕೈ ಹಾಕುವುದು ತಪ್ಪುತ್ತದೆ ಎಂದಿದ್ದರಲ್ಲ, ಆ ಮಾತು ಮಾಮೂಲು ಹಾವಿನ ಮಟ್ಟಿಗೆ ಬಹಳಷ್ಟು ನಿಜವಾಯಿತು. ಇಂದು ಅಮೆರಿಕದಲ್ಲಿ ಮಾಮೂಲು ಬೋವಾ ಬೇಕೆನ್ನುವವನಿಗೆ ಕಾಡಿನ ಹಾವೇ ಬೇಕಾಗಿಲ್ಲ. ಆದರೆ ಕಾಡಿನಲ್ಲಿ ಅಪರೂಪಕ್ಕೆ ಹುಟ್ಟಿದ ಒಂದು ವಿಚಿತ್ರ ಹಾವಿನ ತಲೆಗೆ ಅದೇ ವ್ಯಾಪಾರ ದೊಡ್ಡ ಬೆಲೆ ಕಟ್ಟಿತು.

ಹೆಚ್ಚಾದ ಮರಿಗಳು ಎಲ್ಲಿ ಹೋದವು?

ಈಗ ಓದುಗರ ಎರಡನೇ ಪ್ರಶ್ನೆ. ಮರಿಯಾಗಿದ್ದಾಗ ಅಂಗೈಯಲ್ಲಿ ಹಿಡಿಸುತ್ತದೆ. ಮೂರು ವರ್ಷಕ್ಕೆ ಆರಡಿ. ಕೊಂಡ ಹುಡುಗ ಕಾಲೇಜಿಗೆ ಹೋಗುತ್ತಾನೆ, ಮದುವೆಯಾಗುತ್ತಾನೆ, ಬಾಡಿಗೆ ಮನೆ ಬದಲಿಸುತ್ತಾನೆ. ಹಾವು ಇನ್ನೂ ಇಪ್ಪತ್ತು ವರ್ಷ ಇರುತ್ತದೆ. ಮೃಗಾಲಯದವರು ಬೇಡ ಅನ್ನುತ್ತಾರೆ, ಅವರ ಹತ್ತಿರ ಬೇಕಾದಷ್ಟಿವೆ. ಕೆಲವರು ರಾತ್ರೋರಾತ್ರಿ ತೋಟದ ಕಡೆ ಹೋಗಿ ಬಿಟ್ಟು ಬರುತ್ತಾರೆ.

ಫ್ಲಾರಿಡಾದ ಮಯಾಮಿಯಲ್ಲಿ ಡೀರಿಂಗ್ ಎಸ್ಟೇಟ್ ಎಂಬ ಕಾಡು-ತೋಟವಿದೆ. 1970ರ ದಶಕದಿಂದಲೇ ಅಲ್ಲಿ ಬೋವಾ ಬೀಡುಬಿಟ್ಟು ಮರಿ ಹಾಕುತ್ತಿದೆ. 1971ರಲ್ಲಿ ಮೆಕ್ಸಿಕೊದ ಕೊಸುಮೆಲ್ ದ್ವೀಪದಲ್ಲಿ ಬಿಟ್ಟ ಕೆಲವೇ ಬೋವಾಗಳು ದ್ವೀಪವನ್ನೆಲ್ಲ ಹಬ್ಬಿದವು. ಸಿನಿಮಾ ಚಿತ್ರೀಕರಣಕ್ಕೆ ತಂದು ಬಿಟ್ಟುಹೋದದ್ದು ಎಂದು ಅಲ್ಲಿನವರು ಹೇಳುತ್ತಾರೆ. 1999ರಲ್ಲಿ ಅರೂಬಾ ದ್ವೀಪದಲ್ಲಿ ಕಾಣಿಸಿಕೊಂಡು ಅಲ್ಲಿನ ಹಕ್ಕಿ, ಹಲ್ಲಿಗಳನ್ನು ತಿನ್ನತೊಡಗಿತು. ಪೋರ್ಟೊರಿಕೊದಲ್ಲೂ ನೆಲೆಯೂರಿತು. ಅಲ್ಲಿಗೆ ತನ್ನದೇ ಆದ ಬೇರೊಂದು ಜಾತಿಯ ಬೋವಾ ಇದೆ, ಅಮೆರಿಕ ಸರ್ಕಾರ ಅಳಿವಿನಂಚಿನ ಪಟ್ಟಿಗೆ ಸೇರಿಸಿದ ಹಾವು ಅದು. ಅದರ ಮನೆಗೇ ಈ ಪರದೇಶಿ ಬಂದು ಕೂತಿತು.

ಮೊಟ್ಟೆ ಇಡುವ ಹಾವಾದರೆ ಮೊಟ್ಟೆ ಕೆಡಬಹುದು, ಉಡ-ಕಾಗೆ ತಿನ್ನಬಹುದು. ಬೋವಾ ಹೊಟ್ಟೆಯಲ್ಲೇ ಇಟ್ಟುಕೊಂಡು ಬೆಳೆದ ಮರಿಗಳನ್ನೇ ಹಾಕುವುದರಿಂದ ಒಂದು ಗಬ್ಬದ ಹೆಣ್ಣು ತಪ್ಪಿಸಿಕೊಂಡರೂ ಸಾಕು.

ಅಷ್ಟೇ ಅಲ್ಲ, ಕೆಲವೊಮ್ಮೆ ಗಂಡೂ ಬೇಕಾಗಿಲ್ಲ. 2010ರಲ್ಲಿ ಅಮೆರಿಕದ ನಾರ್ತ್ ಕರೋಲಿನಾ ಸ್ಟೇಟ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಒಂದು ಸಾಕಿದ ಬೋವಾದ ವಿಷಯ ಬರೆದರು. ಅದು ಎರಡು ಸೂಲಿನಲ್ಲಿ 22 ಮರಿ ಹಾಕಿತ್ತು. ಎಲ್ಲವೂ ಹೆಣ್ಣು. ಎಲ್ಲಕ್ಕೂ ತಾಯಿಯದೇ ಅಪರೂಪದ ಕ್ಯಾರಮೆಲ್ ಬಣ್ಣ. ಗಂಡುಗಳ ಜೊತೆ ಇಟ್ಟಿದ್ದರೂ ವಂಶವಾಹಿ ಪರೀಕ್ಷೆ ಮಾಡಿದಾಗ ಯಾವ ಗಂಡಿನ ಗುರುತೂ ಮರಿಗಳಲ್ಲಿ ಇರಲಿಲ್ಲ. ತಾಯಿಯೊಂದೇ ಅವುಗಳನ್ನು ಹುಟ್ಟಿಸಿತ್ತು.

ಫ್ಲಾರಿಡಾದ ಜೌಗಿನಲ್ಲಿ ಬರ್ಮಾ ಹೆಬ್ಬಾವು ಹಬ್ಬಿದ ಮೇಲೆ ಅಮೆರಿಕ ಸರ್ಕಾರ ಎಚ್ಚೆತ್ತಿತು. 2009ರಲ್ಲಿ ಅಲ್ಲಿನ ಭೂಗರ್ಭ ಸಮೀಕ್ಷೆಯ ವಿಜ್ಞಾನಿಗಳು ಹೆಚ್ಚು ಅಪಾಯದ ಹಾವುಗಳ ಸಾಲಿನಲ್ಲಿ ಬೋವಾವನ್ನೂ ಇಟ್ಟರು. 2010ರಲ್ಲಿ ಒಂಬತ್ತು ಜಾತಿಯ ದೊಡ್ಡ ಹಾವುಗಳ ಆಮದು ನಿಲ್ಲಿಸುವ ಪ್ರಸ್ತಾವ ಬಂತು. ತಳಿಗಾರರು ಸಂಘ ಕಟ್ಟಿ ವಿರೋಧಿಸಿದರು. “ನಮ್ಮ ಜೀವನೋಪಾಯ ಹೋಗುತ್ತದೆ, ಯಾರೋ ಬಿಟ್ಟದ್ದಕ್ಕೆ ನಮಗೇಕೆ ಶಿಕ್ಷೆ” ಎನ್ನುವುದು ಅವರ ವಾದ. ಅದರಲ್ಲೂ ಸತ್ಯವಿತ್ತು. 2012ರಲ್ಲಿ ನಾಲ್ಕು, 2015ರಲ್ಲಿ ಇನ್ನೂ ನಾಲ್ಕು ಜಾತಿಗಳಿಗೆ ನಿರ್ಬಂಧ ಬಂತು. ಉಳಿದ ಒಂದನ್ನು ಪಟ್ಟಿಯಿಂದ ಕೈಬಿಟ್ಟರು. ಅದೇ ಬೋವಾ. ಆ ಹೊತ್ತಿಗೆ ಅದು ಆ ದೇಶದ ಎಷ್ಟೋ ಮನೆಗಳಲ್ಲಿ ಸೇರಿಹೋಗಿತ್ತು.

ಡ್ರಾಯರಿನ ರೋಗ

ರೇಷ್ಮೆ ಸಾಕುವವರಿಗೆ ಗಂಟು ರೋಗ ಗೊತ್ತು. ಚಿಟ್ಟೆಯಿಂದ ಮೊಟ್ಟೆಗೆ ಬಂದು, ಒಂದು ತಟ್ಟೆಯಿಂದ ಮನೆಯನ್ನೆಲ್ಲ ಹಿಡಿಯುತ್ತದೆ. ಬೋವಾ ಸಾಕುವವರಿಗೂ ಅಂತಹದೇ ಒಂದು ಭಯವಿದೆ. 1970ರ ದಶಕದಿಂದಲೇ ಒಂದು ರೋಗ ಕಾಣಿಸುತ್ತಿತ್ತು. ತಿಂದದ್ದನ್ನು ಕಕ್ಕುವುದು, ತಲೆ ಮೇಲೆತ್ತಿ ಆಕಾಶ ನೋಡಿದಂತೆ ಕೂರುವುದು, ಬೋರಲು ಬಿದ್ದರೆ ತಿರುಗಲಾರದೆ ಒದ್ದಾಡುವುದು, ಆಮೇಲೆ ಸಾವು. ಕಾರಣ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಬೋವಾ ಸಾಕಿದ್ದ ಒಬ್ಬ ಮಹಿಳೆ ಸ್ಯಾನ್ ಫ್ರಾನ್ಸಿಸ್ಕೊದ ವಿಜ್ಞಾನಿ ಜೋಸೆಫ್ ಡೆರಿಸಿ ಅವರಿಗೆ ಪತ್ರ ಬರೆದು ಸಹಾಯ ಕೇಳಿದರು. ಅವರು ಮನುಷ್ಯರ ವೈರಸ್ ಪತ್ತೆ ಹಚ್ಚುವುದರಲ್ಲಿ ಹೆಸರಾದವರು. ಅವರ ತಂಡ 2012ರಲ್ಲಿ ಈ ರೋಗಕ್ಕೆ ಹಿಂದೆಂದೂ ಕಂಡಿರದ ಒಂದು ಗುಂಪಿನ ವೈರಸ್ ಕಾರಣವಿರಬೇಕು ಎಂದು ತೋರಿಸಿತು. ಆಮೇಲಿನ ಅಧ್ಯಯನಗಳಲ್ಲಿ ಅದು ತಾಯಿಯಿಂದ ಮರಿಗೂ ದಾಟುತ್ತದೆ ಎಂದು ಗೊತ್ತಾಯಿತು. ಮದ್ದು ಇಲ್ಲ. ಬೋವಾ ಎಷ್ಟೋ ಕಾಲ ರೋಗದ ಗುರುತೇ ತೋರದೆ ಅದನ್ನು ಹೊತ್ತುಕೊಂಡಿರಬಲ್ಲದು. ಸಂತೆಯಿಂದ ತಂದ ಒಂದು ಚಂದದ ಹಾವು ಕೋಣೆಯನ್ನೆಲ್ಲ ಖಾಲಿ ಮಾಡಬಹುದು.

ನಮ್ಮ ಬಾಗಿಲಿಗೆ ಬಂದದ್ದು

ಇಷ್ಟೆಲ್ಲ ದೂರದ ಕಥೆ ನಮಗೇಕೆ ಎಂದು ನೀವು ಕೇಳಬಹುದು. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ವಾರಸುದಾರರಿಲ್ಲದ ಬ್ಯಾಗು ಸಿಕ್ಕಿತು. ಬಿಚ್ಚಿದರೆ 55 ಬಾಲ್ ಪೈಥಾನ್ ಎಂಬ ಆಫ್ರಿಕದ ಹೆಬ್ಬಾವುಗಳು, ಹಲವು ಬಣ್ಣದವು. 17 ಕಾಳಿಂಗ ಸರ್ಪ. ಆರು ಕ್ಯಾಪುಚಿನ್ ಕೋತಿಗಳು, ಆರೂ ಸತ್ತಿದ್ದವು. ಅದರ ಹಿಂದಿನ ತಿಂಗಳು ಅದೇ ನಿಲ್ದಾಣದಲ್ಲಿ ಒಬ್ಬ ಪ್ರಯಾಣಿಕನ ಪೆಟ್ಟಿಗೆಯಲ್ಲಿ 234 ಪ್ರಾಣಿಗಳು ಸಿಕ್ಕಿದ್ದವು. ಒಂದು ಕಾಂಗರೂ ಮರಿಯೂ ಇತ್ತು, ಅದೂ ಉಸಿರುಗಟ್ಟಿ ಸತ್ತಿತ್ತು. ಅಮೆರಿಕದಲ್ಲಿ ಐವತ್ತು ವರ್ಷದ ಹಿಂದೆ ಚೀಲದಲ್ಲಿ ಬಂದ ವ್ಯಾಪಾರ ಈಗ ನಮ್ಮಲ್ಲಿ ಟ್ರಾಲಿ ಬ್ಯಾಗಿನಲ್ಲಿ ಬರುತ್ತಿದೆ.

ಕಾನೂನು ಏನನ್ನುತ್ತದೆ? 1972ರ ವನ್ಯಜೀವಿ ಕಾಯ್ದೆ ನಮ್ಮ ನೆಲದ ಹಾವುಗಳನ್ನು ಕಾಯುತ್ತದೆ. ನಾಗರಹಾವಾಗಲಿ ಹೆಬ್ಬಾವಾಗಲಿ ಹಿಡಿದು ಸಾಕುವಂತಿಲ್ಲ, ಮಾರುವಂತಿಲ್ಲ. ಆದರೆ ಬೋವಾದಂತಹ ಪರದೇಶದ ಹಾವಿಗೆ ಬಹಳ ಕಾಲ ನಮ್ಮಲ್ಲಿ ಸ್ಪಷ್ಟ ನಿಯಮವಿರಲಿಲ್ಲ. 2020ರಲ್ಲಿ ಕೇಂದ್ರ ಸರ್ಕಾರ, ಸಾಕಿರುವವರು ತಾವಾಗಿಯೇ ತಿಳಿಸಿ ಎಂದಿತು. 2022ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು, 2024ರಲ್ಲಿ ನಿಯಮಗಳೂ ಬಂದವು. ಈಗ ಬೋವಾ ಸಾಕಿದವರು ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಮರಿ ಹಾಕಿದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ಮರಿ ಎಲ್ಲಿ ಹೋಯಿತು ಎಂದು ಕಾನೂನೇ ಕೇಳತೊಡಗಿದೆ.

ಪರದೇಶದ ಬೋವಾ ಹಳ್ಳಿಗೆ ಬರುವುದು ಕಡಿಮೆ. ಆದರೆ ಅದರ ನೆಂಟ ಮಣ್ಣುಮುಕ್ಕ ನಮ್ಮ ಹೊಲದಲ್ಲೇ ಇದೆ. ಎರಡು ತಲೆ ಹಾವು ಸಿಕ್ಕರೆ ಲಕ್ಷ, ಕೋಟಿ ಎಂದು ನಂಬಿಸಿ ನಮ್ಮ ಹುಡುಗರ ಕೈಯಲ್ಲಿ ಹಿಡಿಸುವವರಿದ್ದಾರೆ. ಆಮೇಲೆ ಜೈಲಿಗೆ ಹೋಗುವವರು ಆ ಹುಡುಗರೇ. ಅದಕ್ಕೆ ಎರಡು ತಲೆಯೂ ಇಲ್ಲ, ನಿಧಿ ತೋರಿಸುವ ಶಕ್ತಿಯೂ ಇಲ್ಲ. ಬಾಲ ಮೊಂಡಾಗಿ ತಲೆಯಂತೆ ಕಾಣುತ್ತದೆ, ಶತ್ರುವನ್ನು ಏಮಾರಿಸಲು. ಅದಕ್ಕೆ ಗೊತ್ತಿರುವ ವಿದ್ಯೆ ಬಿಲದೊಳಗಿನ ಇಲಿ ಹಿಡಿಯುವುದು. ರೈತನಿಗೆ ಅದು ಸಾಕು.

ಲೆಕ್ಕ

ಓದುಗರಿಗೆ ನಾವು ಕಳಿಸಿದ ಉತ್ತರ ಹೀಗಿತ್ತು. ಒಂದು ಹೆಣ್ಣು ಬೋವಾ, ಎರಡು ವರ್ಷಕ್ಕೊಂದು ಸೂಲು. ಜೀವಮಾನದಲ್ಲಿ ಆರೇ ಸೂಲು ಎಂದು ಹಿಡಿಯಿರಿ. ಸೂಲಿಗೆ 25ರಂತೆ 150 ಮರಿ. ಒಂದೊಂದೂ 20 ವರ್ಷ ಬದುಕಿದರೆ 3,000 ವರ್ಷದ ಸಾಕಣೆ. ಅಷ್ಟು ವರ್ಷವೂ ಇಲಿ ಬೇಕು, ಬಿಸಿ ಬೇಕು, ಬೀಗ ಹಾಕುವ ಪೆಟ್ಟಿಗೆ ಬೇಕು, ಅದನ್ನು ನೋಡಿಕೊಳ್ಳುವ ಒಬ್ಬ ಮನುಷ್ಯ ಬೇಕು. ಒಂದೇ ತಾಯಿಯ ಲೆಕ್ಕ ಇದು.

ಮರಿ ಮಾಡಿಸುವುದನ್ನು ಜನ ಕೆಲವು ವರ್ಷಗಳಲ್ಲೇ ಕಲಿತರು. ಈ 3,000 ವರ್ಷವನ್ನು ಯಾರು ಹೊರಬೇಕು ಎನ್ನುವುದನ್ನು ಮಾತ್ರ ಐವತ್ತು ವರ್ಷವಾದರೂ ತೀರ್ಮಾನಿಸಿಲ್ಲ. ಒಳ್ಳೆಯ ತಳಿಗಾರರು ಇದ್ದಾರೆ. ಕೊಳ್ಳುವವನನ್ನು ನೂರು ಪ್ರಶ್ನೆ ಕೇಳಿ, ಬೇಡವಾದರೆ ನನಗೇ ವಾಪಸ್ ಕೊಡು ಅನ್ನುವವರು. ಆದರೆ ಸಂತೆ ನಡೆಯುವುದು ಅವರೊಬ್ಬರಿಂದ ಅಲ್ಲ.

ನಮ್ಮ ಉತ್ತರ ಓದಿ ಆ ಓದುಗರು ಸ್ವಲ್ಪ ಹೊತ್ತಿನ ಮೇಲೆ ಬರೆದರು: “ನಮ್ಮ ಅಣ್ಣನ ಮಗ ಬೆಂಗಳೂರಲ್ಲಿ ಒಂದು ಮರಿ ತರ್ತೀನಿ ಅಂತಿದ್ದ ಸಾರ್. ವಿಡಿಯೊ ಅವನೇ ಕಳ್ಸಿದ್ದು. ಇದನ್ನ ಅವನಿಗೆ ಕಳಿಸ್ತೀನಿ.”

ಕಳಿಸಿ ಎಂದೆವು. ನಿಮ್ಮ ಮನೆಯಲ್ಲೂ ಅಂತಹ ಹುಡುಗ ಇದ್ದರೆ ನೀವೂ ಕಳಿಸಿ. ಹೊಲದಲ್ಲಿ ಮಣ್ಣುಮುಕ್ಕ ಸಿಕ್ಕರೆ ಅದರ ಪಾಡಿಗೆ ಬಿಡಿ. ಕೊಳ್ಳುತ್ತೇನೆ ಎಂದು ಯಾರಾದರೂ ಬಂದರೆ ಹತ್ತಿರದ ಅರಣ್ಯ ಕಚೇರಿಗೆ ತಿಳಿಸಿ.